ಒಲೆಯ ಮುಂದಿನ ಪೌರುಷ: ಉತ್ತರನ ಮಾತು ಮತ್ತು ತಾಳಮದ್ದಳೆಯ ಅರ್ಥಗಾರಿಕೆ

ಕನ್ನಡ ಗಾದೆಗಳಲ್ಲಿ ಮಾತನ್ನೇ ಕುರಿತವು ಬಹಳ. ಮಾತನ್ನು ಮೆಚ್ಚುವ ಗಾದೆಗಳಿರುವಂತೆ ಅದನ್ನು ಶಂಕಿಸುವ ಗಾದೆಗಳೂ ಇವೆ. ಹರಿತದಲ್ಲಿ ಎರಡನೆಯವೇ ಮೇಲು. ಸಂಗ್ರಹಗಳಲ್ಲಿ ಇವೆಲ್ಲವೂ ‘ಮಾತು’ ಎಂಬ ಒಂದೇ ತಲೆಬರಹದಡಿ ಅಕಾರಾದಿಯಾಗಿ ಸೇರಿಹೋಗುವುದರಿಂದ ಅವುಗಳ ನಡುವಣ ಭೇದ ಮರೆಯಾಗುತ್ತದೆ. ‘ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ’ ಎಂಬಲ್ಲಿ ಖಂಡನೆಗೆ ಗುರಿಯಾಗಿರುವುದು ವಂಚನೆ. ಅಲ್ಲಿ ಆಡುವವನಿಗೆ ತನ್ನ ಮಾತಿನ ಸುಳ್ಳು ಚೆನ್ನಾಗಿ ಗೊತ್ತು. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬುದು ಅರೆತಿಳಿವಿನ ಸದ್ದನ್ನು ಕುರಿತದ್ದು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಇವೆರಡರ ಜಾತಿಗೂ ಸೇರುವುದಿಲ್ಲ. ವಿರಾಟನ ಮಗ ಉತ್ತರನು ಯಾರನ್ನೂ ವಂಚಿಸಲು ಹೊರಟವನಲ್ಲ. ಅವನು ಅಂತಃಪುರದಲ್ಲಿ ಕುಳಿತು ಭೀಷ್ಮ, ದ್ರೋಣ, ಕರ್ಣರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ ತಳ್ಳಿಹಾಕುವಾಗ ತನ್ನ ಮಾತನ್ನು ತಾನೇ ನಂಬಿರುತ್ತಾನೆ. ಮಾತು ಸರಾಗವಾಗಿ ಬರುತ್ತಿದೆ ಎಂಬುದೇ ಅದು ನಿಜವೆಂಬುದಕ್ಕೆ ಅವನಿಗಿರುವ ಸಾಕ್ಷಿ. ಸುಳ್ಳುಗಾರನು ನಿಜವೇನೆಂಬುದನ್ನು ಮನಸ್ಸಿನಲ್ಲಿ ಇರಿಸಿಕೊಂಡೇ ಮಾತನಾಡಬೇಕು. ಉತ್ತರನಿಗೆ ಆ ತೊಂದರೆಯೂ ಇಲ್ಲ.

ಈ ಬಗೆಯ ಮಾತನ್ನು, ಎಂದರೆ ತಡೆಯಿಲ್ಲದೆ ಹರಿಯುವ, ಕೇಳಲು ಇಂಪಾದ, ಆದರೆ ಹಿಂದೆ ಆಲೋಚನೆಯಿಲ್ಲದ ಮಾತನ್ನು ಗುರುತಿಸಲು ಜನಪದರು ಮಹಾಭಾರತದ ಅಷ್ಟೊಂದು ಪಾತ್ರಗಳಲ್ಲಿ ಉತ್ತರನನ್ನೇ ಆರಿಸಿಕೊಂಡದ್ದು ಸೂಕ್ಷ್ಮವಾದ ಆಯ್ಕೆ. ಶಕುನಿಯ ಮಾತೂ ನಯವಾದದ್ದೇ, ರಾಮಾಯಣದ ಮಂಥರೆಯ ಮಾತೂ ನಯವಾದದ್ದೇ. ಅವರ ಹಿಂದೆ ಕೇಡಿನದಾದರೂ ಆಲೋಚನೆಯಿದೆ. ಉತ್ತರನ ಹಿಂದೆ ಏನೂ ಇಲ್ಲ. ಇಷ್ಟು ಮೆಚ್ಚಿದ ಮೇಲೆ, ಗಾದೆ ಎಲ್ಲಿ ತಪ್ಪುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ಇದೇ ಪಾತ್ರವನ್ನು ನಿರ್ವಹಿಸುವ ಬಗೆಗೂ, ಆ ಕಲೆಯನ್ನು ಕುರಿತ ನಮ್ಮ ಅಧ್ಯಯನಗಳಿಗೂ ಆ ತಪ್ಪಿನೊಡನೆ ನೇರವಾದ ಸಂಬಂಧವಿದೆ.

ವ್ಯಾಸಭಾರತದ ವಿರಾಟಪರ್ವದಲ್ಲಿ ಪ್ರಸಂಗ ಹೀಗಿದೆ. ತ್ರಿಗರ್ತದ ಸುಶರ್ಮನು ದಕ್ಷಿಣದಲ್ಲಿ ಗೋವುಗಳನ್ನು ಹಿಡಿದು ವಿರಾಟನನ್ನೂ ಸೈನ್ಯವನ್ನೂ ಆ ಕಡೆಗೆ ಎಳೆದಿದ್ದಾನೆ. ಇತ್ತ ಉತ್ತರದಲ್ಲಿ ಕೌರವರು ಗೋವುಗಳನ್ನು ಅಟ್ಟಿಕೊಂಡು ಹೊರಟಿದ್ದಾರೆ. ಸುದ್ದಿ ತಂದ ಗೋವಳರ ಮುಖ್ಯಸ್ಥನು ಅರಮನೆಯಲ್ಲಿ ಉಳಿದಿರುವ ರಾಜಕುಮಾರನಿಗೆ ಹೇಳುವ ಒಂದು ಮಾತು ಗಮನಾರ್ಹವಾಗಿದೆ: ಮಗನು ತನ್ನಂತೆಯೇ ಶೂರನೆಂದು ವಿರಾಟನು ಸಭೆಯ ನಡುವೆ ಹೊಗಳಿಕೊಳ್ಳುತ್ತಾನೆ, ರಾಜನ ಆ ಮಾತು ನಿಜವಾಗಲಿ ಎಂಬುದು ಅವನ ಬಿನ್ನಹ. ಉತ್ತರನ ಬಡಾಯಿ ಒಲೆಯ ಮುಂದೆ ಹುಟ್ಟಿದ್ದಲ್ಲ, ರಾಜಸಭೆಯಲ್ಲಿ ಹುಟ್ಟಿದ್ದು. ಅದು ತಂದೆಯಿಂದ ಬಂದ ಆಸ್ತಿ. ಗಾದೆ ಈ ಅರ್ಧವನ್ನು ಬಿಟ್ಟುಬಿಡುತ್ತದೆ. ಸಭೆಯಲ್ಲಿ ಆಡಿದ ಪೊಳ್ಳುಮಾತು ಯಾವ ಗಾದೆಗೂ ವಸ್ತುವಾಗಲಿಲ್ಲ. ಹೆಂಗಸರ ನಡುವೆ ಆಡಿದ ಮಾತು ಮಾತ್ರ ನಗೆಗೀಡಾಯಿತು.

‘ಒಲೆಯ ಮುಂದೆ’ ಎಂಬ ಮಾತಿನ ವ್ಯಂಗ್ಯಕ್ಕೆ ಇನ್ನೊಂದು ಮುಖವೂ ಇದೆ. ಒಲೆಯ ಮುಂದೆ ಕುಳಿತವರು ಏನು ಹೇಳಿದರೂ ನಂಬುವವರು, ಅಲ್ಲಿ ಪೌರುಷ ಸುಲಭವಾಗಿ ಮಾರಾಟವಾಗುತ್ತದೆ ಎಂಬ ಧ್ವನಿ ಅದರಲ್ಲಿದೆ. ಕಥೆಯಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ತನಗೊಬ್ಬ ಸಾರಥಿಯಿದ್ದಿದ್ದರೆ ಕೌರವರು ‘ಇವನೇನು ಅರ್ಜುನನೋ’ ಎಂದು ಬೆರಗಾಗುವಂತೆ ಮಾಡುತ್ತಿದ್ದೆ ಎಂದು ಉತ್ತರನು ಹೇಳಿದೊಡನೆ, ಆ ಹೋಲಿಕೆಯನ್ನು ತಾಳಲಾರದೆ ಎದ್ದು ಬರುವವಳು ಸೈರಂಧ್ರಿ. ಅವಳು ವಾದಿಸುವುದಿಲ್ಲ, ಹಂಗಿಸುವುದೂ ಇಲ್ಲ. ಸಾರಥಿಯಿಲ್ಲವೆಂಬುದೇ ಅಡ್ಡಿಯಾದರೆ ಬೃಹನ್ನಳೆಯಿದ್ದಾಳಲ್ಲ ಎನ್ನುತ್ತಾಳೆ. ಇಲ್ಲದ ಸಾರಥಿಯ ಮೇಲೆ ನಿಂತಿದ್ದ ಮಾತಿನ ಮಂಟಪದ ಕಂಬವನ್ನು ಅವಳು ತೆಗೆಯುವುದು ಇಲ್ಲದ್ದನ್ನು ಒದಗಿಸಿಕೊಡುವ ಮೂಲಕ. ಇಡೀ ಪ್ರಸಂಗದಲ್ಲಿ ಮಾತನ್ನು ಮಾತಾಗಿ ಕೇಳಿ, ಅದು ಯಾವ ಷರತ್ತಿನ ಮೇಲೆ ನಿಂತಿದೆಯೆಂದು ಹಿಡಿದವಳು ಅವಳೊಬ್ಬಳೇ. ಗಾದೆಯಲ್ಲಿ ಅವಳಿಲ್ಲ. ಒಲೆಯಿದೆ, ಉತ್ತರನಿದ್ದಾನೆ, ಕೇಳುವ ಕಿವಿಗಳು ಅಳಿಸಿಹೋಗಿವೆ. ಜನಪದ ಸಾಹಿತ್ಯದಲ್ಲಿ ಸ್ತ್ರೀದನಿಯನ್ನು ಹುಡುಕುವ ಅಧ್ಯಯನಗಳು ಲಾವಣಿ, ತ್ರಿಪದಿಗಳನ್ನು ಶೋಧಿಸಿದಷ್ಟು ಶ್ರದ್ಧೆಯಿಂದ ಗಾದೆಗಳು ಯಾರನ್ನು ಬಿಟ್ಟಿವೆ ಎಂಬುದನ್ನು ಶೋಧಿಸಿಲ್ಲ.

ಗಾದೆ ನಿಲ್ಲುವುದು ಇಲ್ಲಿಗೆ. ಕಥೆ ನಿಲ್ಲುವುದಿಲ್ಲ. ಕೌರವಸೇನೆಯನ್ನು ಕಂಡೊಡನೆ ಉತ್ತರನು ರಥದಿಂದ ಹಾರಿ ಓಡುತ್ತಾನೆ. ಬೆನ್ನಟ್ಟಿ ಹಿಡಿದ ಬೃಹನ್ನಳೆಗೆ ಚಿನ್ನ, ರತ್ನ, ರಥ, ಆನೆಗಳನ್ನು ಕೊಡುತ್ತೇನೆ, ಬಿಟ್ಟುಬಿಡು ಎಂದು ಗೋಗರೆಯುತ್ತಾನೆ. ಶಮೀವೃಕ್ಷವನ್ನು ಹತ್ತಲು ಹೇಳಿದರೆ ಅಲ್ಲಿ ಹೆಣ ಕಟ್ಟಿದ್ದಾರಂತೆ, ಮುಟ್ಟಬಹುದೇ ಎಂದು ಕೇಳುತ್ತಾನೆ. ಆಯುಧಗಳನ್ನು ಕಂಡ ಮೇಲೆ ಒಂದೊಂದನ್ನೂ ಯಾರದೆಂದು ಕೇಳುತ್ತಾನೆ. ತಾನೇ ಅರ್ಜುನನೆಂದು ಬೃಹನ್ನಳೆ ಹೇಳಿದಾಗ ಕೂಡಲೇ ನಂಬುವುದಿಲ್ಲ. ಅರ್ಜುನನ ಹತ್ತು ಹೆಸರುಗಳನ್ನು ಹೇಳು, ಒಂದೊಂದಕ್ಕೂ ಕಾರಣ ಕೊಡು, ಆಗ ನಂಬುತ್ತೇನೆ ಎನ್ನುತ್ತಾನೆ. ಕೆಲವೇ ಗಳಿಗೆಗಳ ಹಿಂದೆ ಅರ್ಜುನನ ಹೆಸರನ್ನು ತನ್ನ ಹೋಲಿಕೆಗೆ ಧಾರಾಳವಾಗಿ ಬಳಸಿಕೊಂಡಿದ್ದವನು ಈಗ ಆ ಹೆಸರಿಗೆ ಪ್ರಮಾಣ ಕೇಳುತ್ತಿದ್ದಾನೆ. ಮಾತಿಗೆ ಆಧಾರ ಬೇಕೆಂಬ ಅರಿವು ಅವನಲ್ಲಿ ಮೊದಲ ಬಾರಿಗೆ ಹುಟ್ಟುವುದು ಇಲ್ಲಿ. ಯುದ್ಧ ಗೆದ್ದ ಮೇಲೆ, ಜಯವನ್ನು ತನ್ನದೆಂದೇ ಹೇಳಿಕೊಳ್ಳಲು ಅರ್ಜುನನ ಒಪ್ಪಿಗೆಯಿದ್ದರೂ, ತಂದೆಯ ಮುಂದೆ ಉತ್ತರನು ಗೋವುಗಳನ್ನು ಗೆದ್ದವನು ತಾನಲ್ಲ, ಒಬ್ಬ ದೇವಪುತ್ರ ಎನ್ನುತ್ತಾನೆ. ಅದೇ ಹೊತ್ತಿಗೆ ಅತ್ತ ಬಡಾಯಿ ತಂದೆಯ ಬಾಯಿಗೆ ಮರಳಿದೆ. ಮಗನ ಗೆಲುವನ್ನು ಕೊಂಡಾಡುತ್ತ ಪಗಡೆಯಾಡುತ್ತಿದ್ದ ವಿರಾಟನು, ಬೃಹನ್ನಳೆ ಸಾರಥಿಯಾಗಿರುವಾಗ ಗೆಲ್ಲದಿರುವುದು ಹೇಗೆ ಎಂದ ಕಂಕಭಟ್ಟನ ಮುಖಕ್ಕೆ ದಾಳದಿಂದ ಹೊಡೆದು ನೆತ್ತರು ಬರಿಸಿದ್ದಾನೆ. ಪೊಳ್ಳುಮಾತಿಗೆ ಅಡ್ಡಬಂದ ಒಂದು ಸಣ್ಣ ತಿದ್ದುಪಡಿಗೆ ಸಿಕ್ಕ ಉತ್ತರ ಅದು. ತಪ್ಪಾಯಿತೆಂದು ತಂದೆಯಿಂದ ಕ್ಷಮೆ ಕೇಳಿಸುವವನು ಉತ್ತರನೇ. ಮುಂದೆ ಭೀಷ್ಮಪರ್ವದಲ್ಲಿ, ಕುರುಕ್ಷೇತ್ರದ ಮೊದಲ ದಿನ, ಅವನು ಆನೆಯ ಮೇಲೇರಿ ಶಲ್ಯನನ್ನು ಎದುರಿಸಿ ಸಾಯುತ್ತಾನೆ.

ಈಗ ತಾಳಮದ್ದಳೆಯ ವಿಚಾರ. ವೇಷ, ಕುಣಿತಗಳಿಲ್ಲದೆ, ಭಾಗವತರ ಹಾಡು ಮತ್ತು ಅರ್ಥಧಾರಿಗಳ ಆಶುಮಾತುಗಳಿಂದಲೇ ನಡೆಯುವ ಈ ಪ್ರಕಾರ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡು ಮತ್ತು ಮಲೆನಾಡಿನ ಭಾಗಗಳಲ್ಲಿ, ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ವಿಶೇಷವಾಗಿ ನಡೆದುಬಂದಿದೆ. ಬಳ್ಳಾರಿ ಸೀಮೆಯ ಕುರುಗೋಡಿನ ಸೋಮಸಮುದ್ರದ 1556ರ ಶಾಸನದಲ್ಲಿ ‘ತಾಳಮದ್ದಳೆ’ಯ ಉಲ್ಲೇಖವಿದೆಯಾದರೂ ಅಲ್ಲಿ ಅರ್ಥಗಾರಿಕೆ ಇತ್ತೆಂದು ಅದರಿಂದ ಸಿದ್ಧವಾಗುವುದಿಲ್ಲ. ಪ್ರಾಚೀನತೆಯನ್ನು ಹೇಳುವ ಉತ್ಸಾಹದಲ್ಲಿ ಈ ಎಚ್ಚರ ಆಗಾಗ ತಪ್ಪಿದೆ. ಪ್ರಸ್ತುತಕ್ಕೆ ಹೆಚ್ಚು ಮುಖ್ಯವಾದದ್ದು, ತೀರ ಹಳೆಯದೆಂದು ಗುರುತಿಸಲಾದ ಯಕ್ಷಗಾನ ಪ್ರಸಂಗಗಳಲ್ಲೊಂದು, ಬ್ರಹ್ಮಾವರದ ಅಜಪುರ ವಿಷ್ಣುವಿನದೆನ್ನಲಾದದ್ದು, ‘ವಿರಾಟಪರ್ವ’ವೇ ಆಗಿರುವುದು. ಉತ್ತರನು ಯಕ್ಷಗಾನದ ಬಾಗಿಲಲ್ಲೇ ಇದ್ದಾನೆ.

ತಾಳಮದ್ದಳೆಯನ್ನು ಕುರಿತ ಬರವಣಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಪ್ರಶಂಸೆಯ ಪದಗಳು ‘ವಾಗ್ಝರಿ’ ಮತ್ತು ‘ನಿರರ್ಗಳ’. ಅರ್ಗಳವೆಂದರೆ ಅಗುಳಿ, ನಿರರ್ಗಳವೆಂದರೆ ಅಗುಳಿಯಿಲ್ಲದ್ದು. ಮನೆಯ ಬಾಗಿಲಿಗೆ ಅಗುಳಿಯಿಲ್ಲವೆಂದರೆ ಯಾರೂ ಅದನ್ನು ಹೊಗಳಿಕೆಯೆಂದು ತಿಳಿಯುವುದಿಲ್ಲ. ಗಮನಿಸಿದರೆ ತಾಳಮದ್ದಳೆಯ ರಚನೆಯೇ ಮಾತಿಗೆ ಅಗುಳಿಗಳನ್ನು ಹಾಕಿದೆ. ಮೊದಲನೆಯದು ಪದ್ಯ. ಭಾಗವತರು ಹಾಡಿದ ಪದ್ಯದ ಆಶಯಕ್ಕೆ ಅರ್ಥಧಾರಿ ಬದ್ಧ. ಪದ್ಯ ಹೇಳದ ದಿಕ್ಕಿಗೆ ಅವನು ಎಷ್ಟು ದೂರ ಹೋದರೂ ಮುಂದಿನ ಪದ್ಯದ ಎತ್ತುಗಡೆಗೆ ಹಿಂದಿರುಗಲೇಬೇಕು. ಎರಡನೆಯದು ಪಾತ್ರದ ಚೌಕಟ್ಟು. ಮೂರನೆಯದೂ ಮುಖ್ಯವಾದದ್ದೂ ಇದಿರು ಕುಳಿತವನು. ನಾಟಕದಲ್ಲಿ ಇದಿರು ಪಾತ್ರಕ್ಕೆ ತನಗೆ ಬರುವ ಮಾತು ಮೊದಲೇ ತಿಳಿದಿರುತ್ತದೆ. ಇಲ್ಲಿ ಹಾಗಲ್ಲ. ಆಡಿದ ಮಾತಿನ ಒಂದು ಎಳೆಯನ್ನು ಹಿಡಿದು ಇದಿರಿನವನು ಈ ಕ್ಷಣದಲ್ಲೇ ಪ್ರಶ್ನಿಸಬಹುದು. ಉತ್ತರ ಕೊಡದೆ ಜಾರಿಕೊಂಡರೆ ಸಭೆಗೆ ಅದು ಕಾಣುತ್ತದೆ. ಕೃಷ್ಣಸಂಧಾನದಲ್ಲಿ ಕೌರವನು ಕೃಷ್ಣನಿಗೆ, ವಾಲಿವಧೆಯಲ್ಲಿ ವಾಲಿಯು ರಾಮನಿಗೆ ಹಾಕುವ ಪ್ರಶ್ನೆಗಳಿಂದಲೇ ಆ ಕೂಟಗಳು ನೆನಪಿನಲ್ಲಿ ಉಳಿದಿವೆ. ಮಾತಿನ ವೇಗ ಅಲ್ಲಿಯ ಅಳತೆಗೋಲಲ್ಲ. ಮಾತನ್ನು ಆಡಿದವನು ಅದಕ್ಕೆ ಹೊಣೆಯಾಗಿ ಎಷ್ಟು ಹೊತ್ತು ನಿಲ್ಲಬಲ್ಲ ಎಂಬುದು ಅಳತೆಗೋಲು. ಸ್ವತಃ ಅರ್ಥಧಾರಿಯೂ ಆದ ಎಂ. ಪ್ರಭಾಕರ ಜೋಶಿಯವರು ಸಂಶೋಧನೆಗೆ ಕೃಷ್ಣಸಂಧಾನವನ್ನು ಆರಿಸಿಕೊಂಡು ಪ್ರಸಂಗ ಮತ್ತು ಪ್ರಯೋಗಗಳೆರಡನ್ನೂ ಒಟ್ಟಿಗೆ ನೋಡಿದ್ದು ಈ ದೃಷ್ಟಿಯಿಂದ ಸರಿಯಾದ ದಾರಿ.

ಹೀಗಿರುವಾಗ ಉತ್ತರನ ಅರ್ಥ ಹೇಳುವವನ ಸಮಸ್ಯೆ ವಿಚಿತ್ರವಾದದ್ದು. ಅವನು ಆಲೋಚನೆಯಿಲ್ಲದ ಮಾತನ್ನು ಆಲೋಚಿಸಿ ಆಡಬೇಕು. ಮಾತು ಓಡಬೇಕು, ಓಡುತ್ತಿರುವ ಮಾತಿನಲ್ಲಿ ಪೊಳ್ಳು ಕೇಳಿಸಬೇಕು, ಅದು ಕೇಳಿಸುತ್ತಿರುವುದು ಉತ್ತರನಿಗೆ ತಿಳಿಯಬಾರದು. ಸಾಧಾರಣ ಅರ್ಥಧಾರಿ ಇದನ್ನು ಹಾಸ್ಯದಿಂದ ಸಾಧಿಸಲು ಹೋಗುತ್ತಾನೆ. ಪ್ರಾಸ ಜೋಡಿಸುತ್ತಾನೆ, ಅತಿಶಯೋಕ್ತಿಯನ್ನು ಇನ್ನಷ್ಟು ಹಿಗ್ಗಿಸುತ್ತಾನೆ, ಸಭೆ ನಗುತ್ತದೆ. ಆ ನಗು ಪಾತ್ರದ ಮೇಲಲ್ಲ, ಮಾತಿನ ಚಮತ್ಕಾರದ ಮೇಲೆ. ಹೀಗಾದಾಗ ಉತ್ತರನು ಗೆದ್ದಂತೆಯೇ. ಅವನಿಗೆ ಬೇಕಿದ್ದುದು ಆ ಮೆಚ್ಚುಗೆಯೇ ಅಲ್ಲವೆ? ಪೊಳ್ಳುಮಾತನ್ನು ವಿಮರ್ಶಿಸಬೇಕಾದ ಅರ್ಥ ಪೊಳ್ಳುಮಾತಿನ ಪ್ರದರ್ಶನವಾಗಿಬಿಡುತ್ತದೆ. ಪಾತ್ರವನ್ನು ಅರಿತವನು ಹಾಸ್ಯಕ್ಕಿಂತ ವಿವರಕ್ಕೆ ಗಮನ ಕೊಡಬಲ್ಲ. ಉತ್ತರನು ಭೀಷ್ಮನನ್ನು ತಳ್ಳಿಹಾಕುವಾಗ ಭೀಷ್ಮನನ್ನು ಎಂದೂ ಕಂಡಿಲ್ಲವೆಂಬುದು ಮಾತಿನೊಳಗೇ ಗೊತ್ತಾಗುವಂತೆ, ಕೇಳಿದ ಕಥೆಗಳ ತುಣುಕುಗಳಿಂದ ಆ ವೀರರನ್ನು ಅವನು ಕಟ್ಟಿಕೊಂಡಿದ್ದಾನೆಂಬುದು ತೋರುವಂತೆ ಅರ್ಥ ಹೇಳಬಹುದು. ಆಗ ನಗು ತಡವಾಗಿ ಬರುತ್ತದೆ, ಸ್ವಲ್ಪ ಇರಿಸುಮುರಿಸಿನೊಡನೆ ಬರುತ್ತದೆ.

ನಿಜವಾದ ಪರೀಕ್ಷೆ ಇದರ ನಂತರದ್ದು. ಬಯಲಾಟದಲ್ಲಿ ಉತ್ತರನ ಓಟವನ್ನು ಕಾಲು ತೋರಿಸುತ್ತದೆ. ತಾಳಮದ್ದಳೆಯಲ್ಲಿ ಕುಳಿತ ಅರ್ಥಧಾರಿಗೆ ಇರುವುದು ಮಾತು ಮಾತ್ರ. ಆದ್ದರಿಂದ ಓಡಬೇಕಾದದ್ದೂ ಮುಗ್ಗರಿಸಬೇಕಾದದ್ದೂ ಮಾತೇ. ಅಲ್ಲಿಯವರೆಗೆ ಉದ್ದುದ್ದ ವಾಕ್ಯಗಳಲ್ಲಿ ಹರಿದದ್ದು ತುಂಡಾಗಬೇಕು, ವಾಕ್ಯ ಅರ್ಧಕ್ಕೆ ನಿಲ್ಲಬೇಕು, ಬೃಹನ್ನಳೆಯ ಮಾತಿಗೆ ಒಂದು ಕ್ಷಣ ಉತ್ತರವೇ ಇಲ್ಲದಂತಾಗಬೇಕು. ನಿರರ್ಗಳತೆಯೇ ಗುಣವೆಂದು ಅಭ್ಯಾಸವಾದ ನಾಲಗೆಗೆ ಇದು ಅತ್ಯಂತ ಕಷ್ಟ. ಭಯದ ಮಾತನ್ನೂ ಅಷ್ಟೇ ಅಲಂಕಾರದಿಂದ, ಅಷ್ಟೇ ಓಘದಿಂದ ಹೇಳಿ ಮುಗಿಸುವವರು ಇದ್ದಾರೆ. ಹೆದರಿದವನು ತನ್ನ ಹೆದರಿಕೆಗೆ ಮೂರು ಉಪಮೆ ಕೊಟ್ಟರೆ ಅವನು ಹೆದರಿಲ್ಲವೆಂದೇ ಅರ್ಥ. ಇಡೀ ಪ್ರಸಂಗದಲ್ಲಿ ಉತ್ತರನು ಮೊದಲ ಬಾರಿಗೆ ಪ್ರಾಮಾಣಿಕನಾಗುವುದು ಈ ತೊದಲಿನಲ್ಲಿ. ತೊದಲು ತಪ್ಪಿದರೆ ಮುಂದಿನ ಉತ್ತರನು ಹುಟ್ಟುವುದೇ ಇಲ್ಲ.

ಹತ್ತು ಹೆಸರುಗಳ ಸಂದರ್ಭದಲ್ಲಿ ಅಪಾಯ ಇನ್ನೊಂದು ಬದಿಯಿಂದ ಬರುತ್ತದೆ. ಫಲ್ಗುಣ, ಜಿಷ್ಣು, ಕಿರೀಟಿ, ಬೀಭತ್ಸು, ಸವ್ಯಸಾಚಿ ಎಂದು ಹೆಸರುಗಳ ನಿಷ್ಪತ್ತಿ ಹೇಳುವ ಅವಕಾಶ ಅರ್ಜುನನ ಅರ್ಥಧಾರಿಗೆ ಹಬ್ಬ. ವ್ಯಾಕರಣ, ಪುರಾಣ, ಉಪಕಥೆಗಳು ಸಾಲುಗಟ್ಟುತ್ತವೆ. ಉತ್ತರನು ನಡುನಡುವೆ ‘ಹೌದೇ’, ‘ಆಮೇಲೆ’ ಎನ್ನುವುದಕ್ಕೆ ಇಳಿಯುತ್ತಾನೆ. ಕಥೆಯಲ್ಲಿ ಆ ಪ್ರಶ್ನೆ ಉತ್ತರನದು; ಸಂಶಯವೂ ಅವನದು. ಸಂಶಯಪಡುವ ಕೆಲಸವನ್ನು ಅವನಿಂದ ಕಿತ್ತುಕೊಂಡಾಗ ಹಿಂದೆ ಉತ್ತರನ ಬಾಯಲ್ಲಿದ್ದ ಅಗುಳಿಯಿಲ್ಲದ ಮಾತು ಅರ್ಜುನನ ಬಾಯಿಗೆ, ಪಾಂಡಿತ್ಯದ ಉಡುಪಿನಲ್ಲಿ, ವರ್ಗವಾಗುತ್ತದೆ. ಪಾಂಡಿತ್ಯದ ಮಾತು ಪೊಳ್ಳಾಗಿದ್ದರೆ ಗುರುತಿಸುವುದು ಬಡಾಯಿಯ ಮಾತಿಗಿಂತ ಕಷ್ಟ. ಒಂದೆರಡು ಹೆಸರುಗಳಲ್ಲಾದರೂ ಉತ್ತರನು ಕಾರಣವನ್ನು ಒಪ್ಪದೆ ಕೆಣಕಿದರೆ ಆ ಭಾಗ ಬದುಕುತ್ತದೆ.

ಕೊನೆಯ ಭಾಗ, ಎಂದರೆ ತಂದೆಯ ಮುಂದೆ ‘ನಾನಲ್ಲ’ ಎನ್ನುವ ಉತ್ತರ, ಕಾಲಮಿತಿಯ ಕೂಟಗಳಲ್ಲಿ ಸುಲಭವಾಗಿ ಕೈಬಿಡಬಹುದಾದ ಭಾಗ. ಇಡೀ ರಾತ್ರಿಯ ಕೂಟಗಳು ವಿರಳವಾಗಿ ಮೂರು ನಾಲ್ಕು ಗಂಟೆಯ ಕೂಟಗಳು ಬಂದ ಮೇಲೆ ಪದ್ಯಗಳ ಆಯ್ಕೆ ಅನಿವಾರ್ಯವಾಯಿತು. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಆದರೆ ಏನನ್ನು ಉಳಿಸಲಾಗುತ್ತದೆ ಎಂಬುದು ವಿಮರ್ಶೆಯ ವಿಷಯ. ಪೌರುಷ ಉಳಿದು, ಪ್ರಶ್ನೆಯೂ ನಿರಾಕರಣೆಯೂ ಬಿದ್ದುಹೋದರೆ ರಂಗ ಗಾದೆಯ ಮಟ್ಟಕ್ಕೆ ಇಳಿಯುತ್ತದೆ. ಬಾನುಲಿ, ಕ್ಯಾಸೆಟ್, ಸಿ.ಡಿ.ಗಳು ಅರ್ಥಗಾರಿಕೆಯನ್ನು ದೂರದ ಕೇಳುಗರಿಗೆ ಮುಟ್ಟಿಸಿದ ಉಪಕಾರ ದೊಡ್ಡದು. ಅವುಗಳ ಕಾಲದ ಅಳತೆಗೂ, ಈಚಿನ ವರ್ಷಗಳಲ್ಲಿ ಮೊಬೈಲುಗಳಲ್ಲಿ ಹರಿದಾಡುವ ಕೆಲವೇ ನಿಮಿಷಗಳ ತುಣುಕುಗಳಿಗೂ ಒಗ್ಗುವುದು ಪೀಠಿಕೆಯ ಮಾತು, ಒಬ್ಬನ ಓಘದ ಮಾತು. ಇದಿರಿನವನ ಪ್ರಶ್ನೆ, ನಡುವಿನ ಮೌನ, ಅರೆಗಳಿಗೆಯ ತಡವರಿಕೆ ಇವು ತುಣುಕಾಗಲು ಒಪ್ಪುವುದಿಲ್ಲ.

ಮಾತಿನ ಅತಿಯನ್ನು ಕಂಡು ಬೇಸತ್ತವರಲ್ಲಿ ಶಿವರಾಮ ಕಾರಂತರು ಪ್ರಮುಖರು. ‘ಯಕ್ಷಗಾನ ಬಯಲಾಟ’ದಂಥ ಮೂಲಭೂತ ಅಧ್ಯಯನ ನೀಡಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು, ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಗಾನ, ನರ್ತನ, ವೇಷಗಳನ್ನು ಮುಂದಕ್ಕೆ ತಂದು ಮಾತನ್ನು ಬಹುಮಟ್ಟಿಗೆ ಹಿಂದೆ ಸರಿಸಿದರು. ರಂಗಭೂಮಿಯ ದೃಷ್ಟಿಯಿಂದ ಆ ಪ್ರಯೋಗಗಳ ಸಾಧನೆ ಬೇರೆ ಚರ್ಚೆ. ಮಾತಿನ ರೋಗಕ್ಕೆ ಅದನ್ನು ಚಿಕಿತ್ಸೆಯೆಂದು ಭಾವಿಸಿದರೆ ಮಾತ್ರ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಗುತ್ತದೆ. ಪೊಳ್ಳುಮಾತಿಗೆ ಮದ್ದು ಮೌನವೆಂಬ ತಿಳಿವಳಿಕೆ ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯದೂ ಹೌದು. ತಾಳಮದ್ದಳೆಯ ತಿಳಿವಳಿಕೆ ಅದಲ್ಲ. ಸೈರಂಧ್ರಿ ಉತ್ತರನಿಗೆ ಸುಮ್ಮನಿರು ಎನ್ನಲಿಲ್ಲ, ರಥ ಹತ್ತಿಸಿದಳು.

ಕಡೆಯದಾಗಿ ಅಧ್ಯಯನಗಳ ವಿಚಾರ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ತರ್ಕ, ಸಾಮಗ ಸಹೋದರರ ಓಘ, ದೇರಾಜೆ ಸೀತಾರಾಮಯ್ಯನವರ ಭಾವದ ಹದ ಎಂಬ ವಿಶೇಷಣಗಳು ಒಂದು ಲೇಖನದಿಂದ ಇನ್ನೊಂದಕ್ಕೆ, ಒಂದು ಅಭಿನಂದನ ಗ್ರಂಥದಿಂದ ಇನ್ನೊಂದಕ್ಕೆ ಸವೆಯದೆ ಸಾಗಿಬಂದಿವೆ. ಅವು ಸುಳ್ಳೆಂದಲ್ಲ. ಯಾವ ಪ್ರಸಂಗದಲ್ಲಿ, ಯಾರ ಇದಿರಿನಲ್ಲಿ, ಯಾವ ಪ್ರಶ್ನೆಗೆ ಆ ತರ್ಕ ನಡೆಯಿತು ಎಂಬುದನ್ನು ಹೇಳದೆ ಅವನ್ನು ಬಳಸುವವರು ಉತ್ತರನು ಭೀಷ್ಮದ್ರೋಣರ ಹೆಸರು ಬಳಸಿದಂತೆಯೇ ಬಳಸುತ್ತಿದ್ದಾರೆ. ‘ಜನಪದರ ಮುಗ್ಧತೆ’, ‘ಮಣ್ಣಿನ ವಾಸನೆ’, ‘ಅಳಿವಿನ ಅಂಚು’ ಮೊದಲಾದ ಮಾತುಗಳು ವಿಚಾರಸಂಕಿರಣಗಳಲ್ಲಿ ತಡೆಯಿಲ್ಲದೆ ಬರುವುದೂ ಇದೇ ಬಗೆಯದು. ಅವುಗಳಿಗೆ ಎದುರಾಗಿ ಸಾರಥಿಯನ್ನು ತಂದು ನಿಲ್ಲಿಸುವವರು ಸಭೆಯಲ್ಲಿ ಇರುವುದಿಲ್ಲ.

ಇದಕ್ಕಿಂತಲೂ ಆಳವಾದ ದೋಷ ಲಿಪ್ಯಂತರದ್ದು. ಧ್ವನಿಮುದ್ರಿತ ಕೂಟಗಳನ್ನು ಪುಸ್ತಕಕ್ಕೆ ಇಳಿಸುವಾಗ ಓದಿನ ಅನುಕೂಲಕ್ಕೆಂದು ಅರ್ಧ ವಾಕ್ಯಗಳನ್ನು ಪೂರ್ಣಗೊಳಿಸುವುದು, ಪುನರುಕ್ತಿ ತೆಗೆಯುವುದು, ಇದಿರಿನವನ ಹೂಂಕಾರ, ಅಡ್ಡಮಾತುಗಳನ್ನು ಕೈಬಿಡುವುದು, ಸಭೆಯ ನಗುವನ್ನು ಗುರುತಿಸದಿರುವುದು ಸದುದ್ದೇಶದಿಂದಲೇ ನಡೆಯುತ್ತದೆ. ಪರಿಣಾಮವಾಗಿ ಮುದ್ರಿತ ಪುಟದಲ್ಲಿ ಎಲ್ಲ ಅರ್ಥಧಾರಿಗಳೂ ಸಮಾನವಾಗಿ ನಿರರ್ಗಳರಾಗುತ್ತಾರೆ. ತೊದಲಿದ ಉತ್ತರನೂ ಪುಟದಲ್ಲಿ ತೊದಲುವುದಿಲ್ಲ. ಮುಂದಿನ ಸಂಶೋಧಕನು ಆ ಪುಟವನ್ನು ಆಧರಿಸಿ ಅರ್ಥಗಾರಿಕೆಯ ಲಕ್ಷಣ ನಿರತರ್ಗಳತೆ ಎಂದು ಬರೆದರೆ ಅದು ಅವನ ತಪ್ಪಾಗುವುದಿಲ್ಲ. ತಡವರಿಕೆಯನ್ನು ಚುಕ್ಕಿಗಳಿಂದ, ಮೌನವನ್ನು ಕ್ಷಣಗಳ ಲೆಕ್ಕದಿಂದ, ಇದಿರಿನವನ ಅಡ್ಡಪ್ರಶ್ನೆಯನ್ನು ಅದು ಬಂದ ಜಾಗದಲ್ಲೇ, ಭಾಗವತರು ಪದ್ಯ ಎತ್ತಿ ಮಾತನ್ನು ತಡೆದ ಕಡೆಯನ್ನು ಪ್ರತ್ಯೇಕವಾಗಿ ಗುರುತಿಸುವುದು ದುಬಾರಿಯ ಕೆಲಸವೇನಲ್ಲ. ಮೂಲ ಧ್ವನಿಮುದ್ರಿಕೆಗಳು ಹಾಳಾಗುವ ಮುನ್ನ ಆಗಬೇಕಾದ ಕೆಲಸ. ಖಾಸಗಿ ಸಂಗ್ರಹಗಳಲ್ಲಿ ಕ್ಯಾಸೆಟ್ಟಿನ ಸುರುಳಿಗಳು ಬೂಷ್ಟು ಹಿಡಿಯುತ್ತಿವೆ. ಅವುಗಳಲ್ಲಿ ವಿರಾಟಪರ್ವದ ಕೂಟಗಳೂ ಇರಬಹುದು, ಕೆಲವದರಲ್ಲಾದರೂ ಉತ್ತರನು ತಂದೆಯ ಮುಂದೆ ನಿಂತು ಗೆದ್ದವನು ತಾನಲ್ಲ ಎನ್ನುವ ಮುಂಚೆ ಒಂದು ಗಳಿಗೆ ಸುಮ್ಮನಿದ್ದಿರಬಹುದು.